ಪುಟ್ಟತಾಯಮ್ಮನ ಪಾದವೂ ಪಂಡಿತರ ಪಾಠಾಂತರವೂ

ಓಡುವ ಕಾಲವನ್ನು ಹಿಡಿದು ನಿಲ್ಲಿಸಬಲ್ಲ ಸಾಧನ ಛಾಯಾಚಿತ್ರವೊಂದೇ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಶಾಲೆಯ ಮಟ್ಟಿಗೆ ಅದು ಹಿಡಿದು ನಿಲ್ಲಿಸುತ್ತಿದ್ದದ್ದು ನಾಲ್ಕನೇ ಪೀರಿಯಡ್ಡನ್ನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಮೈಮರೆತು ಒಂದು ಫೋಟೋವನ್ನು ನಮ್ಮ ಕನ್ನಡ ಪಂಡಿತರ ಕಣ್ಣಿಗೆ ಬೀಳಿಸಿದರೆ ಮುಗಿಯಿತು. ಗಂಟೆ ಹೊಡೆಯುತ್ತಿತ್ತು, ಮಕ್ಕಳು ಗಲಾಟೆ ಎಬ್ಬಿಸುತ್ತಿದ್ದರು, ಫೋಟೋದ ಅರ್ಥ ಮಾತ್ರ ಇನ್ನೂ ಪೀಠಿಕೆಯಲ್ಲೇ ಇರುತ್ತಿತ್ತು.

ಪಂಡಿತರು ಈ ಮೇ ತಿಂಗಳ ಕೊನೆಗೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮಾತಾಡಲು ನನಗೆ ಮೂರು ನಿಮಿಷ ಕೊಟ್ಟಿದ್ದರು. ಅದರಲ್ಲಿ ಎರಡು ನಿಮಿಷ ಮೈಕು ಸರಿಮಾಡುವುದಕ್ಕೆ ಹೋಯಿತು, ಒಂದು ನಿಮಿಷ ವೇದಿಕೆಯ ಮೇಲಿದ್ದವರ ಹೆಸರು ಹೇಳುವುದಕ್ಕೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ಅದು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ನಮಗೆಲ್ಲ ಅವರು ಪಂಡಿತರು. ನಾನು ಅವರಿಗೆ, ಹನ್ನೊಂದು ವರ್ಷ ಒಂದೇ ಮೇಜಿಗೆ ಎದುರುಬದುರಾಗಿ ಕೂತ ಮೇಲೂ, ‘ಗಣಿತದವರು’.

ಅವರು ಫೋಟೋ ನೋಡುತ್ತಿದ್ದ ಕ್ರಮವನ್ನು ಮುಂದಿನ ಪೀಳಿಗೆಗಾಗಿ ದಾಖಲಿಸಬೇಕು. ಮೊದಲು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಚೆನ್ನಾಗಿ ಒರೆಸುವರು. ಒರೆಸಿದ ಕನ್ನಡಕವನ್ನು ಹಾಕಿಕೊಳ್ಳದೆ ಜೇಬಿಗಿಳಿಸುವರು. ಯಾಕೆ ಸರ್ ಅಂದರೆ, ‘ಕನ್ನಡಕ ಹಾಕ್ಕೊಂಡ್ರೆ ಫೋಟೋದಲ್ಲಿರೋದು ಮಾತ್ರ ಕಾಣ್ಸುತ್ತೆ’ ಅನ್ನುವರು. ಆಮೇಲೆ ಫೋಟೋವನ್ನು ಕೈಚಾಚಿದಷ್ಟು ದೂರ ಹಿಡಿದು, ಎಡಗಣ್ಣು ಮುಚ್ಚಿ, ಒಂದು ಉದ್ದನೆಯ ‘ಹ್ಞೂಂ’. ಆ ಹ್ಞೂಂಕಾರ ಕೇಳಿದ ಕೂಡಲೇ ಅನುಭವಸ್ಥರು ಚಾಕ್ ಪೀಸ್ ಎತ್ತಿಕೊಂಡು ಕ್ಲಾಸಿಗೆ ಓಡಿಬಿಡುತ್ತಿದ್ದರು. ಹೊಸಬರು ಉಳಿಯುತ್ತಿದ್ದರು. ನಾನು ಹೊಸಬನಾಗಿದ್ದಾಗ ಉಳಿದೆ. ಆಮೇಲೆ ಅಭ್ಯಾಸವಾಯಿತು.

ಹತ್ತನೇ ತರಗತಿಯ ಕನ್ನಡ ಪರೀಕ್ಷೆ ಬರೆದವರಿಗೆಲ್ಲ ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆ ನೆನಪಿರುತ್ತದೆ. ಪಾಠದ ಒಂದು ವಾಕ್ಯ ಕೊಟ್ಟಿರುತ್ತಾರೆ. ಅದನ್ನು ಎಲ್ಲಿಂದ ಎತ್ತಿದ್ದು ಎನ್ನುವುದು ಆಯ್ಕೆ. ಯಾರು ಯಾರಿಗೆ ಯಾವಾಗ ಹೇಳಿದ್ದು ಎನ್ನುವುದು ಸಂದರ್ಭ. ಅದರಲ್ಲಿ ಏನು ಸೊಗಸು ಎನ್ನುವುದು ಸ್ವಾರಸ್ಯ. ಇದನ್ನೇ ವರ್ಷಗಟ್ಟಲೆ ಕಲಿಸಿ ಕಲಿಸಿ, ಲೋಕವೇ ಒಂದು ಪ್ರಶ್ನೆಪತ್ರಿಕೆ ಎಂಬ ತೀರ್ಮಾನಕ್ಕೆ ಪಂಡಿತರು ಬಂದುಬಿಟ್ಟಿದ್ದರು. ಬಸ್ ಪಾಸಿನ ಫೋಟೋ ಇರಲಿ, ಗೋಡೆಯ ಮೇಲಿನ ಚುನಾವಣೆಯ ಪೋಸ್ಟರ್ ಇರಲಿ, ಮೂರು ಬೆರಳು ಮಡಚಿ ಮೂರೂ ಹೇಳದೆ ಅವರು ಮುಂದೆ ಹೆಜ್ಜೆ ಇಡುತ್ತಿರಲಿಲ್ಲ.

ನನ್ನ ಅವರ ಪರಿಚಯ ಆದದ್ದೇ ನನ್ನ ಆಧಾರ್ ಕಾರ್ಡಿನ ಮೂಲಕ. ಶಾಲೆಗೆ ಹೊಸದಾಗಿ ಬಂದು ದಾಖಲೆ ಕೊಡುತ್ತಿದ್ದೆ. ಮೇಜಿನ ಮೇಲಿದ್ದ ಕಾರ್ಡನ್ನು ಎತ್ತಿಕೊಂಡು, ಕನ್ನಡಕ ಜೇಬಿಗಿಳಿಸಿ, ಬಹಳ ಹೊತ್ತು ನೋಡಿದರು.

‘ಇದರಲ್ಲಿ ಒಂದು ವಿಷಾದ ಇದೆ’ ಅಂದರು.

‘ಮೂರು ಗಂಟೆ ಕ್ಯೂನಲ್ಲಿ ನಿಂತಿದ್ದೆ ಸರ್. ಕರೆಂಟ್ ಬೇರೆ ಹೋಗಿತ್ತು.’

‘ಅದು ಸಂದರ್ಭ, ಗಣಿತದವರೇ. ನಾನು ಹೇಳ್ತಿರೋದು ಸ್ವಾರಸ್ಯ.’

ಆ ಕ್ಷಣದಿಂದ ನನ್ನ ಮುಖದಲ್ಲಿ ವಿಷಾದವಿದೆ ಎಂದು ಇಡೀ ಶಾಲೆ ನಂಬಿತು. ಹೋದಲ್ಲೆಲ್ಲ ಜನ ನನ್ನನ್ನು ಸಮಾಧಾನ ಮಾಡತೊಡಗಿದರು. ವರ್ಷ ಕಳೆಯುವಷ್ಟರಲ್ಲಿ ನನಗೂ ಒಂದು ಥರ ವಿಷಾದ ಬಂದುಬಿಟ್ಟಿತ್ತು.

ಅವರು ಶತ್ರು ಎಂದು ಭಾವಿಸಿದ್ದದ್ದು ಒಂದನ್ನೇ: ಗೈಡು. ಅಂಗಡಿಯಲ್ಲಿ ಸಿಗುವ, ಪ್ರಶ್ನೆಗೆಲ್ಲ ಉತ್ತರ ಬರೆದಿಟ್ಟ ಪುಸ್ತಕ. ‘ಸ್ವಂತ ವಾಕ್ಯದಲ್ಲಿ ಬರೀರಿ’ ಎಂದು ಅವರು ಹಲಗೆಯ ಮೂಲೆಯಲ್ಲಿ ಬರೆದದ್ದನ್ನು ಯಾರೂ ಅಳಿಸುವಂತಿರಲಿಲ್ಲ, ನನ್ನ ತ್ರಿಕೋನಗಳು ಅದನ್ನು ಸುತ್ತಿಕೊಂಡು ಹೋಗಬೇಕಾಗಿತ್ತು. ಗೈಡಿಲ್ಲದ ಪ್ರಶ್ನೆ ಯಾವುದು ಎಂದು ಹುಡುಕಿ ಅವರು ಕೊನೆಗೆ ಕಂಡುಕೊಂಡದ್ದು ಫೋಟೋ. ಒಮ್ಮೆ ಪೇಪರಿನಲ್ಲಿ ಬಂದ ಎಮ್ಮೆಯ ಚಿತ್ರವೊಂದನ್ನು ಹಲಗೆಗೆ ಅಂಟಿಸಿ, ಸ್ವಾರಸ್ಯ ಬರೆಯಿರಿ ಅಂದರು. ಒಬ್ಬಳು ‘ಒಂದು ಎಮ್ಮೆ ನಿಂತಿದೆ’ ಎಂದು ಬರೆದಳು. ಅರ್ಧ ಅಂಕ.

‘ನಿಂತಿರೋದು ಎಮ್ಮೆಗೂ ಗೊತ್ತು ಕಣಮ್ಮ. ನಿಂಗೇನು ಗೊತ್ತು, ಅದನ್ನ ಹೇಳು.’

ಇನ್ನೊಬ್ಬಳು ‘ಎಮ್ಮೆ ಯಾರಿಗೋ ಕಾಯುತ್ತಿದೆ’ ಎಂದು ಬರೆದಳು. ಪಂಡಿತರ ಕಣ್ಣಲ್ಲಿ ನೀರು ಬಂತು. ಪೂರ್ತಿ ಅಂಕ. ಮುಂದಿನ ವಾರ ಬೈಲಕುಪ್ಪೆಯ ಚಿನ್ನದ ಗೋಪುರದ ಚಿತ್ರ ಅಂಟಿಸಿದರು. ಇಡೀ ತರಗತಿ ಒಂದೇ ಮನಸ್ಸಿನಿಂದ ‘ಗೋಪುರ ಯಾರಿಗೋ ಕಾಯುತ್ತಿದೆ’ ಎಂದು ಬರೆಯಿತು. ಎಲ್ಲರಿಗೂ ಸೊನ್ನೆ. ‘ಒಂದೇ ವಾರದಲ್ಲಿ ನೀವೇ ಗೈಡ್ ಆಗ್ಬಿಟ್ರಲ್ಲೋ’ ಎಂದು ಅವರು ಗೋಳಾಡಿದ್ದು ಪಕ್ಕದ ಕೋಣೆಯಲ್ಲಿ ಬೀಜಗಣಿತ ಮಾಡುತ್ತಿದ್ದ ನನಗೆ ಕೇಳಿಸಿತು.

ಅದೇ ಬೈಲಕುಪ್ಪೆಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗ ಸ್ವೆಟರ್ ಅಂಗಡಿಯೊಂದರಲ್ಲಿ ನಗುತ್ತಿರುವ ಭಿಕ್ಷುವಿನ ಫೋಟೋ ಕಂಡಿತು. ಪಂಡಿತರು ಅಲ್ಲೇ ನಿಂತರು. ಈ ನಗು ಯಾರನ್ನೂ ನೋಡಿ ನಕ್ಕದ್ದಲ್ಲ, ಇದು ಶೂನ್ಯವನ್ನು ಕಂಡವನ ನಗು, ಕಣ್ಣು ಕೆಳಕ್ಕಿರುವುದು ವಿನಯ, ಒಂದು ಕಾಲು ಬರಿಗಾಲಾಗಿರುವುದು ಅರ್ಧ ಬಿಟ್ಟ ಸಂಸಾರ, ಎಂದು ಇಪ್ಪತ್ತು ನಿಮಿಷ ಹೇಳಿದರು. ಅಂಗಡಿಯ ಟಿಬೆಟಿನ ಹೆಂಗಸು ಸ್ವೆಟರ್ ಮಡಚುತ್ತ ಪೂರ್ತಿ ಕೇಳಿಸಿಕೊಂಡು, ನಮ್ಮ ತಾಲ್ಲೂಕಿನ ಅಚ್ಚ ಕನ್ನಡದಲ್ಲಿ ಹೇಳಿದಳು:

‘ಅದು ನಮ್ಮಣ್ಣ ಕಣ್ರೀ. ನಾಯಿ ಅವನ ಚಪ್ಲಿ ಎತ್ಕಂಡು ಓಯ್ತು. ಅದ್ಕೇ ನಗ್ತಾವ್ನೆ.’

ನಾವೆಲ್ಲ ಪಂಡಿತರ ಮುಖ ನೋಡಿದೆವು. ಅವರು ಒಂದಿಷ್ಟೂ ಅಲುಗಲಿಲ್ಲ. ‘ನೋಡಿದ್ರಾ, ಹೋದದ್ದಕ್ಕೆ ಅಳ್ತಾ ಇಲ್ಲ’ ಅಂದರು. ಹೆಂಗಸು ಸ್ವಲ್ಪ ಯೋಚಿಸಿ, ‘ಆಮ್ಯಾಕೆ ಅತ್ತ’ ಅಂದಳು.

ಈಗ ಪುಟ್ಟತಾಯಮ್ಮನ ವಿಷಯ ಹೇಳಬೇಕು. ಈಕೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಹದಿನಾಲ್ಕು ವರ್ಷದಿಂದ ಅದೇ ಒಲೆ, ಅದೇ ಸೌಟು. ಶಾಲೆಯಲ್ಲಿ ಪಂಡಿತರ ಮಾತನ್ನು ಮಧ್ಯದಲ್ಲಿ ತಡೆಯುವ ಧೈರ್ಯ ಇದ್ದದ್ದು ಈಕೆಯೊಬ್ಬರಿಗೇ. ‘ಉಪ್ಪು ಕಮ್ಮಿ ಆದ್ರೆ ಉಪ್ಪು ಕಮ್ಮಿ ಅನ್ನಿ ಸಾ. ಅದ್ಕೂ ಒಂದು ಅರ್ತ ಕಟ್ಬ್ಯಾಡಿ’ ಎಂದು ಸೌಟು ತೋರಿಸಿ ಹೇಳುತ್ತಿದ್ದರು. ಪಂಡಿತರು ಮರುಮಾತಿಲ್ಲದೆ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದರು.

ನಿವೃತ್ತಿಗೆ ಕೆಲವು ತಿಂಗಳಿರುವಾಗ ಮಗಳು ಪಂಡಿತರಿಗೆ ಒಳ್ಳೆಯ ಕ್ಯಾಮೆರಾ ಇರುವ ಫೋನು ಕೊಡಿಸಿದಳು. ಅಲ್ಲಿಯವರೆಗೆ ವ್ಯಾಖ್ಯಾನಕಾರರಾಗಿದ್ದವರು ಕವಿಯಾದರು. ಕಂಡದ್ದನ್ನೆಲ್ಲ ತೆಗೆದರು: ಪಂಪಿನ ಬಾಯಿ, ಹರಿದ ಚೆಂಡು, ನನ್ನ ಕೊಡೆ. ದಿನಕ್ಕೊಂದನ್ನು ಸ್ಟೇಟಸ್ಸಿಗೆ ಹಾಕಿ ಕೆಳಗೆ ಒಂದು ಸಾಲು ಬರೆಯುವರು. ಮೊದಲ ಕೆಲವು ದಿನ ನೋಡಿದ ನಾವು ಆಮೇಲೆ ತೆರೆಯುವುದನ್ನೇ ಬಿಟ್ಟೆವು. ಆದರೆ ತಾವು ತೆಗೆದ ಫೋಟೋವನ್ನು ಎರಡನೇ ಸಲ ನೋಡುವುದಿಲ್ಲ ಎಂಬುದು ಅವರ ವ್ರತ. ‘ಬರೆದವನೇ ಅರ್ಥ ಹೇಳಕ್ಕೆ ಕೂತ್ರೆ ಅದು ಗೈಡ್ ಆಗುತ್ತೆ. ತೆಗೆದೆ, ಹಾಕಿದೆ, ಮರೆತೆ.’ ಮೂರನೆಯದನ್ನು ಅವರು ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದರು ಎಂಬುದು ಮುಂದೆ ತಿಳಿಯಿತು.

ಒಂದು ಶುಕ್ರವಾರ ಹೆಡ್ ಮೇಡಂ ಸ್ಟಾಫ್ ರೂಮಿಗೆ ಬಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ತಾಲ್ಲೂಕಿನ ಬಿಸಿಯೂಟದ ಅಧಿಕಾರಿಯಿಂದ ಪುಟ್ಟತಾಯಮ್ಮನಿಗೆ ನೋಟಿಸು. ಮಕ್ಕಳ ಊಟದ ಪಾತ್ರೆಯಲ್ಲಿ ಕಾಲಿಟ್ಟಿರುವುದು ಫೋಟೋದಿಂದ ಕಂಡುಬಂದಿರುವುದರಿಂದ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರತಕ್ಕದ್ದಲ್ಲ. ಸೋಮವಾರ ಹನ್ನೊಂದು ಗಂಟೆಗೆ ಅಧಿಕಾರಿ ಶಾಲೆಗೇ ಬರುವರು. ಜೊತೆಗೆ ಫೋಟೋದ ಜೆರಾಕ್ಸ್. ಕಪ್ಪು ಹೊಗೆಯಂಥ ಆವಿ, ಒಂದು ದೊಡ್ಡ ಪಾತ್ರೆಯ ಬಾಯಿ, ಅದರ ಮೇಲೆ ಒಂದು ಕಾಲು. ಕಾಲಿನ ಸುತ್ತ ಯಾರೋ ಗುಂಡಗೆ ಸುತ್ತು ಹಾಕಿ ಬಾಣದ ಗುರುತು ಇಟ್ಟಿದ್ದರು. ವಾಟ್ಸಾಪಿನಲ್ಲಿ ಅದು ಎರಡು ದಿನದಿಂದ ಸುತ್ತುತ್ತಿತ್ತಂತೆ.

ಏನಾಗಿದೆ ಎನ್ನುವುದು ನಮಗೆ ತಕ್ಷಣ ಹೊಳೆಯಿತು. ಹಿಂದಿನ ವಾರ ಊರಿನವರು ರಾಗಿ ಹಿಟ್ಟು ಕೊಟ್ಟಿದ್ದರು, ಮಕ್ಕಳಿಗೆ ಮುದ್ದೆ ಮಾಡಿದ್ದರು. ನೂರು ಜನಕ್ಕೆ ಮುದ್ದೆ ತೊಳಸುವಾಗ, ಅಂದರೆ ಮುದ್ದೆಕೋಲು ಹಾಕಿ ತಿರುವುವಾಗ, ಪಾತ್ರೆ ಕೋಲಿನ ಜೊತೆಗೇ ತಿರುಗಿಬಿಡುತ್ತದೆ. ಅದಕ್ಕೆ ಪಾತ್ರೆಯನ್ನು ನೆಲಕ್ಕಿಳಿಸಿ, ಅದರ ಕತ್ತಿಗೆ ಕವೆಗೋಲು ಕೊಟ್ಟು, ಆ ಕವಲು ಕೋಲಿನ ತುದಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು ತೊಳಸಬೇಕು. ಕಾಲಿರುವುದು ಕವೆಗೋಲಿನ ಮೇಲೆ. ಆದರೆ ಈ ಫೋಟೋದಲ್ಲಿ ಕೋಲು ಇರಲಿಲ್ಲ. ಈಚೆಗೆ ಮನೆಗಳಲ್ಲೆಲ್ಲ ಕುಕ್ಕರಿನಲ್ಲೇ ಮುದ್ದೆ ಆಗುತ್ತದೆ, ಕವೆಗೋಲುಗಳು ಅಟ್ಟ ಸೇರಿವೆ, ನೋಡಿದ ಜನಕ್ಕೆ ನೆನಪಾದರೂ ಹೇಗೆ ಆಗಬೇಕು? ಅಧಿಕಾರಿಯಂತೂ ಕರಾವಳಿಯ ಕಡೆಯವರು. ಹೆಡ್ ಮೇಡಂ ಫೋನು ಮಾಡಿ ವಿವರಿಸಿದಾಗ, ‘ನೀವು ಹೇಳುವ ಕೋಲು ಫೋಟೋದಲ್ಲಿ ಕಾಣುದಿಲ್ಲವಲ್ಲ’ ಎಂದು ನ್ಯಾಯವಾಗಿಯೇ ಕೇಳಿದರಂತೆ.

ಪುಟ್ಟತಾಯಮ್ಮ ಬಾಗಿಲ ಬಳಿ ನಿಂತಿದ್ದರು. ಸೌಟು ಕೈಯಲ್ಲಿರಲಿಲ್ಲ, ಅದಿಲ್ಲದೆ ಕೈ ಎಲ್ಲಿಡಬೇಕೆಂದು ಆಕೆಗೆ ತಿಳಿಯುತ್ತಿರಲಿಲ್ಲ.

‘ಕೆಲ್ಸ ಓದ್ರೆ ಓಗ್ಲಿ ಬುಡಿ ಸಾ, ಇನ್ನೊಂದ್ ಕಡೆ ಬೇಯಿಸ್ತೀನಿ. ಅನ್ನ ತುಳ್ದೋಳು ಅಂದ್ರೆ ಇನ್ಯಾರ್ ಒಲೆ ಮುಂದೆ ನಿಲ್ಲುಸ್ತಾರೆ ನನ್ನ? ನಲ್ಲಿ ತಾವ ಆಗ್ಲೇ ಒಬ್ಳು ನನ್ ಕಾಲೇ ನೋಡ್ತಿದ್ಲು.’

ಪಂಡಿತರು ಕನ್ನಡಕ ಒರೆಸಿ ಜೇಬಿಗಿಟ್ಟುಕೊಂಡರು. ಜೆರಾಕ್ಸ್ ಎತ್ತಿ ದೂರ ಹಿಡಿದರು. ‘ಹ್ಞೂಂ.’ ಈ ಸಲ ಯಾರೂ ಕ್ಲಾಸಿಗೆ ಓಡಲಿಲ್ಲ.

‘ಇದನ್ನ ತೆಗೆದವನು ಮುದ್ದೆ ಉಂಡವನಲ್ಲ’ ಎಂದು ಶುರುಮಾಡಿದರು. ‘ಮುಖ ಬಿಟ್ಟು ಕಾಲು ಹಿಡಿದಿದ್ದಾನೆ ಅಂದ್ರೆ ಕ್ರೂರಿ. ಅಡುಗೆಕೋಣೆ ಜಾಲರಿ ಸಂದಿಯಿಂದ ಬಗ್ಗಿ ತೆಗೆದಿದ್ದಾನೆ ಅಂದ್ರೆ ಹೇಡಿ. ಆವಿ ಮೇಲೆ ಬೆಳಕು ಬೀಳೋ ತನಕ ಕಾದಿದ್ದಾನೆ, ಅಂದ್ರೆ ಹಳೇ ದ್ವೇಷ.’ ಆಮೇಲೆ ಒಂದು ಬೆರಳೆತ್ತಿದರು. ‘ಆದ್ರೆ ಗಣಿತದವರೇ, ಇದು ಮೂಲಪಾಠ ಅಲ್ಲ. ಅಂಚು ನೋಡಿ, ಯಾರೋ ಕತ್ತರಿಸಿದ್ದಾರೆ. ಹಸ್ತಪ್ರತಿಗಳಲ್ಲೂ ಹೀಗೇ ಆಗುತ್ತೆ. ಒಬ್ಬ ನಕಲು ಮಾಡ್ತಾ ಒಂದು ಪದ ಬಿಡ್ತಾನೆ, ಇನ್ನೊಬ್ಬ ಒಂದು ಸೇರಿಸ್ತಾನೆ. ಪ್ರತಿಯಿಂದ ಪ್ರತಿಗೆ ಹಿಂದಕ್ಕೆ ಹೋಗ್ಬೇಕು. ಮೂಲದಲ್ಲಿ ಕೋಲು ಇದ್ದೇ ಇದೆ.’

‘ಯಾರ ಫೋನಿಂದ ಬಂತು ಅಂತ ಕೇಳಿ ಒಂದೊಂದಾಗಿ ತರಿಸಿಕೊಳ್ಳೋಣ ಸರ್’ ಅಂದೆ.

‘ತರಿಸಿಕೊಂಡ್ರೆ ಅದು ಇನ್ನೊಂದು ಪ್ರತಿ ಆಗಲ್ವೇನ್ರೀ? ಕಣ್ಣಾರೆ ನೋಡ್ಬೇಕು. ಭಾನುವಾರ ಬೆಳಿಗ್ಗೆ ಗಾಡಿಗೆ ಪೆಟ್ರೋಲ್ ಹಾಕಿಸಿಟ್ಟಿರಿ.’

ಹೀಗೆ ಕನ್ನಡ ಗ್ರಂಥಸಂಪಾದನೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಮೂಲಪಾಠವನ್ನು ಹುಡುಕಿಕೊಂಡು ಇಬ್ಬರು ಮೇಷ್ಟ್ರುಗಳು ಒಂದು ಹಳೆಯ ಬೈಕಿನಲ್ಲಿ ಹೊರಟರು. ಪಂಡಿತರು ಹಿಂದೆ ಕೂತು ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ಹೆಲ್ಮೆಟ್ಟಿನಿಂದಾಗಿ ನನಗೆ ಅದು ಜೇನುಗೂಡಿನ ಸದ್ದಿನಂತೆ ಕೇಳಿಸುತ್ತಿತ್ತು. ಹಳ್ಳ ಬಂದಾಗ ಮಾತ್ರ ಒಂದೊಂದು ಪದ ಸ್ಪಷ್ಟವಾಗಿ ಉದುರುತ್ತಿತ್ತು.

ಹೆಡ್ ಮೇಡಂಗೆ ಫೋಟೋ ಮೊದಲು ಬಂದದ್ದು ಹುಣಸೂರಿನಲ್ಲಿ ಪುಸ್ತಕದ ಅಂಗಡಿ ಇಟ್ಟಿರುವ ಅವರ ತಮ್ಮನಿಂದ. ಆತ ಫೋನು ತೆಗೆದು ತೋರಿಸಿದ. ಬಣ್ಣದ ಫೋಟೋ, ಕೆಂಪು ಬಾಣ. ಕೆಳಗೆ, ‘ಅನ್ನದೊಳಗೆ ಪಾದ!! ಶಿಕ್ಷೆ ಆಗೋವರೆಗೂ ಶೇರ್ ಮಾಡಿ.’

‘ಭ್ರಷ್ಟ ಪಾಠ’ ಅಂದರು ಪಂಡಿತರು. ‘ನಿಮಗಿದು ಎಲ್ಲಿಂದ ಬಂತು?’

‘ಕೆ.ಆರ್. ನಗರದಿಂದ ನಮ್ಮ ಷಡ್ಡಕ ಕಳಿಸಿದ್ದು ಸಾರ್. ಅವ್ರು ಅಕ್ಕಿ ಮಿಲ್ಲಲ್ಲಿದಾರೆ. ದಿನಾ ಏನಾದ್ರೂ ಕಳಿಸ್ತಾರೆ. ನಾನು ಓದಲ್ಲ, ಕಳಿಸ್ಬಿಡ್ತೀನಿ.’

‘ಓದದೇ ಕಳಿಸ್ತೀರಾ?’

‘ಓದ್ತಾ ಕೂತ್ರೆ ಅಂಗಡಿ ನೋಡೋರ್ಯಾರು ಸಾರ್?’

ಕೆ.ಆರ್. ನಗರದ ಅಕ್ಕಿ ಮಿಲ್ಲಿನಲ್ಲಿ ತೌಡಿನ ಧೂಳಿನ ನಡುವೆ ಷಡ್ಡಕನನ್ನು ಹಿಡಿದೆವು. ಅವನ ಫೋನಿನ ಪ್ರತಿಯಲ್ಲಿ ಬಾಣ ಇರಲಿಲ್ಲ. ಫೋಟೋ ಕೂಡ ಸ್ವಲ್ಪ ದೊಡ್ಡದು: ಪೂರ್ತಿ ಕಾಲು, ಸೀರೆಯ ಅಂಚು, ಪಾತ್ರೆಯ ಹೊಟ್ಟೆ ಕಾಣುತ್ತಿತ್ತು. ಕೆಳಗೆ, ‘ಅನ್ನಕ್ಕೂ ನಡುವೆ ಒಂದು ಪಾದ.’

ಪಂಡಿತರು ಮಿಲ್ಲಿನ ಸದ್ದಿಗಿಂತ ಜೋರಾಗಿ ಕೂಗಿದರು. ‘ನೋಡಿ! ಅನ್ನಕ್ಕೂ! ಊ ಪ್ರತ್ಯಯ ಒಂಟಿಯಾಗಿ ನಿಲ್ಲಲ್ಲ. ಅನ್ನಕ್ಕೂ ಇನ್ನೇನಕ್ಕೋ ನಡುವೆ ಅಂತ ಇತ್ತು. ಒಂದು ಪದ ಲೋಪ ಆಗಿದೆ!’

‘ಏನ್ ಲೋಪ ಆಯ್ತಣ್ಣ?’ ಎಂದು ಷಡ್ಡಕ ಗಾಬರಿಯಿಂದ ನನ್ನನ್ನು ಕೇಳಿದ. ‘ನಾನ್ ಏನೂ ಮಾಡಿಲ್ಲ ಕಣಣ್ಣೋ. ಒಸಿ ಕತ್ರಿಸಿ, ಬಾಣ ಹಾಕಿ, ಕೆಳಗ್ ಎರಡ್ ಮಾತು ಬರ್ದೆ ಅಷ್ಟೆ. ಇದು ಕೋಟೆಯಿಂದ ಬಂದಿದ್ದು.’

ಕೋಟೆ ಅಂದರೆ ನಮ್ಮ ಕಡೆ ಎಚ್.ಡಿ. ಕೋಟೆ. ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯ ಒಬ್ಬರು ಅವನಿಗೆ ಕಳಿಸಿದ್ದರು. ಮತ್ತೆ ಹುಣಸೂರಿಗೆ ಬಂದು ಕೋಟೆ ರಸ್ತೆ ಹಿಡಿದೆವು. ಗುರುಪುರದ ಹತ್ತಿರ ಟ್ಯಾಂಕು, ಹೊಟ್ಟೆ ಎರಡೂ ಖಾಲಿಯಾಗಿ, ಟಿಬೆಟಿನವರ ಹೋಟೆಲಿನಲ್ಲಿ ಮೊಮೊ ತಿಂದೆವು. ಅದು ಕಡುಬಿನ ಪಾಠಾಂತರ ಎಂದು ಪಂಡಿತರು ತೀರ್ಪು ಕೊಟ್ಟು ಹನ್ನೆರಡನ್ನು ಪರಿಶೀಲಿಸಿದರು. ಅವರ ಉತ್ಸಾಹ ಏರುತ್ತಿತ್ತು. ಶುಕ್ರವಾರ ಕ್ರೂರಿ, ಹೇಡಿ ಆಗಿದ್ದ ಫೋಟೋಗ್ರಾಫರ್ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬೇರೆ ಮನುಷ್ಯನಾಗಿದ್ದ.

‘ನಾನು ಅವನನ್ನ ತಪ್ಪು ತಿಳ್ಕೊಂಡಿದ್ದೆ ಗಣಿತದವರೇ. ಪೂರ್ತಿ ಕಾಲು ನೋಡಿದ್ರಾ? ಅದರಲ್ಲಿ ಗೌರವ ಇದೆ. ಹಾಳು ಮಾಡಿದ್ದು ಲಿಪಿಕಾರರು. ಮೂಲಕರ್ತೃ ಸಾಮಾನ್ಯನಲ್ಲ. ಸ್ವಂತ ದೃಷ್ಟಿ ಇರೋ ಮನುಷ್ಯ. ಸಿಕ್ಕಿದ್ರೆ ಕೈ ಮುಗೀಬೇಕು.’

ಕೋಟೆಯ ಅಂಗಡಿಯಾತ ಕೈಯ ಗ್ರೀಸು ಒರೆಸಿಕೊಂಡು ನಮ್ಮನ್ನು ಸ್ಟೂಲಿನ ಮೇಲೆ ಕೂರಿಸಿದರು. ಫೋನಿನಲ್ಲಿ ಹುಡುಕಿ ಹುಡುಕಿ ಕೊನೆಗೆ ತೆಗೆದರು.

‘ಇದ್ನ ನಮ್ಮ ಬಾವ ಕಳ್ಸಿದ್ರು ಸಾ. ಅವ್ರ ಮಗ್ಳು ಪಿರಿಯಾಪಟ್ಣದ್ ಕಡೆ ಅದ್ಯಾವ್ದೋ ಐಸ್ಕೂಲ್ನಲ್ಲಿ ಓದ್ತಾಳೆ. ಯಾರೋ ಮೇಷ್ಟ್ರು ಸ್ಟೇಟಸ್ ಹಾಕಿದ್ರಂತೆ, ಬಾವ ಸ್ಕ್ರೀನ್‌ಶಾಟ್ ಒಡ್ದು ಕಳ್ಸಿದ್ರು. ನಾನು ಕಾಲು ಚೆನ್ನಾಗ್ ಕಾಣ್ಲಿ ಅಂತ ಕೆಳ್ಗಡೆ ಒಸಿ ಕತ್ರಿಸ್ದೆ. ಆ ಸಾಲೂ ಓಯ್ತು, ತಿರ್ಗಾ ನಾನೇ ಬರ್ದೆ, ಒಂದ್ ಪದ ಬಿಟ್ಟೋಗೈತೇನೋ.’

ಪೂರ್ತಿ ಫೋಟೋ. ಪುಟ್ಟತಾಯಮ್ಮನ ಕಾಲು, ಕಾಲ ಕೆಳಗೆ ಹೊಳೆಯುವ ಹಾಗೆ ಸವೆದ ಕವೆಗೋಲು, ಆಚೆ ಪಾತ್ರೆ. ಕೆಳಗೆ, ‘ಅನ್ನಕ್ಕೂ ಭೂಮಿಗೂ ನಡುವೆ ಒಂದು ಪಾದ.’

ಪಂಡಿತರು ಮೂರು ಸಲ ಓದಿದರು. ‘ಆಹಾ’ ಅಂದರು. ಆಮೇಲೆ ಫೋನನ್ನು ಕೈಚಾಚಿ ಹಿಡಿದು, ಸ್ಕ್ರೀನಿನ ಮೇಲಿನ ಮೂಲೆಯಲ್ಲಿ ಸ್ಟೇಟಸ್ ಹಾಕಿದವರ ಗುಂಡನೆಯ ಪುಟ್ಟ ಚಿತ್ರದ ಮೇಲೆ ಎಡಗಣ್ಣು ಮುಚ್ಚಿ ದೃಷ್ಟಿ ನೆಟ್ಟರು.

‘ಇವನೇ ಮೂಲಕರ್ತೃ. ಕಡ್ಲೆಕಾಳಷ್ಟಿದೆ ಮುಖ. ಪ್ರತಿಭೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಜಂಬ ಜಾಸ್ತಿ. ಆ ತುಟಿ ನೋಡಿ, ಇನ್ನೊಬ್ರಿಗೆ ಮಾತಾಡಕ್ಕೆ ಬಿಡದ ತುಟಿ.’

‘ಸರ್,’ ಅಂದೆ. ‘ಅದು ನೀವು.’

ಪಂಡಿತರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಹನ್ನೊಂದು ವರ್ಷದಲ್ಲಿ ಅವರು ಕನ್ನಡಕ ಹಾಕಿಕೊಂಡು ಫೋಟೋ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ನೋಡಿದರು. ಹೆಸರು ಓದಿದರು. ತಮ್ಮ ಫೋನು ತೆಗೆದು ಬೆರಳಾಡಿಸಿದರು. ಹರಿದ ಚೆಂಡಿಗೂ ನನ್ನ ಕೊಡೆಗೂ ನಡುವೆ ಆ ಪಾದವಿತ್ತು. ಬೆಳಿಗ್ಗೆಯಿಂದ ನಮ್ಮ ಜೊತೆಗೇ ಮೂರು ತಾಲ್ಲೂಕು ಸುತ್ತಿ ಬಂದಿತ್ತು.

ಅಂಗಡಿಯಾತ ನಮ್ಮಿಬ್ಬರ ಮುಖ ನೋಡಿ, ‘ಮೇಷ್ಟ್ರೇ, ನೀರ್ ಕುಡೀತೀರಾ?’ ಅಂದರು.

ಹುಣಸೂರು ದಾಟುವವರೆಗೆ ಹಿಂದಿನಿಂದ ಜೇನುಗೂಡಿನ ಸದ್ದು ಬರಲಿಲ್ಲ. ಗಾಡಿಯ ಮೇಲೆ ಹಿಂದೆ ಇದ್ದಾರೋ ಬಿದ್ದಿದ್ದಾರೋ ಎಂದು ಎರಡು ಸಲ ತಿರುಗಿ ನೋಡಿದೆ. ಆಮೇಲೆ ಹೆಗಲ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: ‘ತೆಗೆಯೋವಾಗ ನಂಗೊಂದು ಬೇಜಾರಿತ್ತು ಕಣ್ರೀ. ಆ ಕೋಲು ಅಡ್ಡ ಬಂತಲ್ಲ, ಇಲ್ದಿದ್ರೆ ಅರ್ಥ ಇನ್ನೂ ದೊಡ್ಡದಾಗಿರೋದು ಅಂತ.’

ಸಂಜೆ ಸೀದಾ ಪುಟ್ಟತಾಯಮ್ಮನ ಮನೆಗೆ ಹೋದೆವು. ಆಕೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಪಂಡಿತರು ನಿಂತುಕೊಂಡೇ, ಪೀಠಿಕೆಯಿಲ್ಲದೆ, ಅದನ್ನು ತೆಗೆದದ್ದು ತಾನೇ ಎಂದು ಹೇಳಿದರು. ಆಕೆ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು.

‘ಅದಿನಾಲ್ಕ್ ವರ್ಸ ನಿಮ್ಗೆ ಈ ಮುಖ ಇಟ್ಕಂಡು ಬಡ್ಸಿದೀನಿ ಸಾ’ ಅಂದರು. ‘ಫೋಟೋ ತೆಗ್ಯಾಕೆ ನನ್ ಕಾಲೇ ಬೇಕಿತ್ತಾ?’

ಪಂಡಿತರು ಕೆಳಗೆ ಬಿದ್ದಿದ್ದ ಒಂದು ಅವರೆಕಾಳನ್ನು ಎತ್ತಿ ರಾಶಿಗೆ ಹಾಕಿದರು. ‘ನಾಳೆ ನಾನೇ ಹೇಳ್ತೀನಮ್ಮ’ ಅಂದರು.

‘ಏಳಿ. ಆದ್ರೆ ಉದ್ದ ಏಳ್ಬ್ಯಾಡಿ.’

ಸೋಮವಾರ ಹನ್ನೊಂದು ಗಂಟೆಗೆ ಅಧಿಕಾರಿ ಮೇಡಂ ಬಂದರು. ಚಿಕ್ಕ ವಯಸ್ಸು, ಗಂಭೀರ ಮುಖ, ಕೈಯಲ್ಲಿ ಫೈಲು. ಅಡುಗೆಕೋಣೆಯ ಮುಂದೆ ಕುರ್ಚಿ ಹಾಕಿದ್ದೆವು. ಪಂಡಿತರು ತಮ್ಮ ಫೋನನ್ನೂ ಒಂದು ಹಾಳೆಯನ್ನೂ ಮುಂದಿಟ್ಟರು. ಆ ಹಾಳೆಯಲ್ಲಿ ಎಷ್ಟು ಬರೆದಿದ್ದಾರೋ ಎಂದು ಹೆಡ್ ಮೇಡಂ ನನ್ನ ಕಡೆ ಭಯದಿಂದ ನೋಡಿದರು. ಮೂರೇ ಸಾಲಿತ್ತು. ‘ಆಯ್ಕೆ: ನನ್ನ ಫೋನು. ಸಂದರ್ಭ: ಮಕ್ಕಳ ಊಟಕ್ಕೆ ಮುದ್ದೆ ತೊಳಸುತ್ತಿದ್ದದ್ದು, ಕಾಲಿರುವುದು ಕವೆಗೋಲಿನ ಮೇಲೆ. ಸ್ವಾರಸ್ಯ: ಇಲ್ಲ.’

ಅಧಿಕಾರಿ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ‘ಕೋಲು ಉಂಟು, ಸರಿ. ಆದ್ರೆ ಕಾಲು ಎಂತಕ್ಕೆ? ಒಬ್ರು ಪಾತ್ರೆಯನ್ನು ಕೈಯಲ್ಲಿ ಹಿಡ್ಕೊಂಡ್ರೆ ಆಗುದಿಲ್ವಾ?’

ಪಂಡಿತರು ಬಾಯಿ ತೆರೆದರು. ಅವರ ಎಡಗೈಯ ಮೊದಲ ಬೆರಳು ಆಗಲೇ ಮಡಚಿಕೊಳ್ಳುತ್ತಿತ್ತು.

‘ನೀವ್ ಸುಮ್ಕಿರಿ ಸಾ’ ಎಂದು ಪುಟ್ಟತಾಯಮ್ಮ ಎದ್ದರು. ‘ನಿಮ್ ಓದು ಸಾಕು. ಬಾರವ್ವ ತಾಯಿ, ಒಳೀಕ್ ಬಾ. ಎಸರು ಕುದೀತೈತೆ.’

ವಿಚಾರಣೆಗೆಂದು ಬಂದ ಆಕೆ ಬೆಳಿಗ್ಗೆಯೇ ಎಸರಿಟ್ಟು, ಉಳಿದಿದ್ದ ರಾಗಿ ಹಿಟ್ಟು ಹಾಕಿ ಬೇಯಿಸಿಟ್ಟಿದ್ದರು. ಮೂರು ದಿನ ನಾವು ಮೂಲಪಾಠ ಎಂದು ತಲೆ ಕೆಡಿಸಿಕೊಂಡಿದ್ದೆವು, ಇದು ಯಾರಿಗೂ ಹೊಳೆದಿರಲಿಲ್ಲ. ಪಾತ್ರೆಯನ್ನು ನೆಲಕ್ಕಿಳಿಸಿ, ಮುದ್ದೆಕೋಲನ್ನು ಅಧಿಕಾರಿಯ ಕೈಗೆ ಕೊಟ್ಟು, ‘ತೊಳ್ಸು’ ಅಂದರು. ಪಾತ್ರೆ ಹಿಡಿಯಲು ಹೆಡ್ ಮೇಡಂಗೆ ಎರಡು ಮಸಿಬಟ್ಟೆ ಕೊಟ್ಟರು.

ಅಧಿಕಾರಿ ವೇಲನ್ನು ಸೊಂಟಕ್ಕೆ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ಒಂದು ಸುತ್ತು ತಿರುಗಿಸಿದರು. ಪಾತ್ರೆಯೂ ಒಂದು ಸುತ್ತು ತಿರುಗಿತು. ಪಾತ್ರೆಯ ಜೊತೆಗೆ ಹೆಡ್ ಮೇಡಮ್ಮೂ ಅರ್ಧ ಸುತ್ತು ತಿರುಗಿ, ‘ಬಿಸಿ ಬಿಸಿ ಬಿಸಿ’ ಎಂದು ಕೈಬಿಟ್ಟರು. ಅಧಿಕಾರಿ ಇನ್ನಷ್ಟು ಬಲ ಹಾಕಿದರು. ಪಾತ್ರೆ ಗಿರ್ರನೆ ಸುತ್ತಿ ಬಾಗಿಲ ಕಡೆ ಹೊರಟಿತು. ಕೋಲು ಬಿಡದೆ ಅವರೂ ಅದರ ಹಿಂದೆ ಪ್ರದಕ್ಷಿಣೆ ಬಂದರು. ಜಾಲರಿಯ ಆಚೆ ನಿಂತಿದ್ದ ಒಂಬತ್ತನೇ ತರಗತಿ ಒಂದೇ ದನಿಯಲ್ಲಿ ನಕ್ಕಿತು. ನಾನು ನಗಬಾರದೆಂದು ಗೋಡೆಯ ಮೇಲಿನ ಊಟದ ಪಟ್ಟಿ ಓದತೊಡಗಿದೆ. ಅದರಲ್ಲೂ ನಗು ಬಂತು.

‘ಅಯ್ಯೋ ಮಾರಾಯ್ರೆ, ಇದು ಎಲ್ಲಿಗೆ ಹೋಗ್ತದೆ!’

‘ಕೋಲ್ ಮ್ಯಾಲ್ ಕಾಲಿಡವ್ವ’ ಎಂದು ಪುಟ್ಟತಾಯಮ್ಮ ಕವೆಗೋಲು ತಂದು ಪಾತ್ರೆಯ ಕತ್ತಿಗೆ ಕೊಟ್ಟರು. ಅಧಿಕಾರಿ ಚಪ್ಪಲಿ ಬಿಟ್ಟು, ತುದಿಯ ಮೇಲೆ ಕಾಲೊತ್ತಿದರು. ಪಾತ್ರೆ ಕಲ್ಲಿನಂತೆ ನಿಂತಿತು. ಕೋಲು ತಿರುಗಿತು. ‘ಆಗ್ತದೆ, ಆಗ್ತದೆ!’ ಎಂದು ಅವರು ಹುಡುಗಿಯ ಹಾಗೆ ಕೂಗಿದರು. ಮುಖದಲ್ಲಿ ಬೆವರು, ಮೂಗಿನ ಮೇಲೆ ರಾಗಿ.

ಆ ಸಂಭ್ರಮದಲ್ಲಿ ಹೆಡ್ ಮೇಡಂ ತಮ್ಮ ಫೋನೆತ್ತಿ ಗುರಿ ಹಿಡಿದರು.

‘ಬೇಡ!’ ಎಂದು ನಾವೆಲ್ಲ ಒಟ್ಟಿಗೆ ಕೂಗಿಕೊಂಡೆವು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಪಂಡಿತರು.

ಅಂದಿನ ಮುದ್ದೆಯಲ್ಲಿ ಗಂಟುಗಳಿದ್ದವು, ಮಕ್ಕಳು ಉಂಡರು. ಅಧಿಕಾರಿ ಸ್ಟಾಫ್ ರೂಮಿನಲ್ಲೇ ಕೂತು, ತನಿಖೆಯಲ್ಲಿ ತಪ್ಪು ಕಂಡುಬಂದಿಲ್ಲವೆಂದು ಬರೆದು ಸಹಿ ಮಾಡಿದರು. ಪುಟ್ಟತಾಯಮ್ಮ ಅದರ ಒಂದು ಪ್ರತಿ ಕೇಳಿ ಪಡೆದು, ಪಂಡಿತರ ಕೈಗೇ ಕೊಟ್ಟು ಪಂಚಾಯ್ತಿ ಆಫೀಸಿನ ಬೋರ್ಡಿಗೆ ಅಂಟಿಸಿಕೊಂಡು ಬರಲು ಕಳಿಸಿದರು. ಅಡುಗೆಕೋಣೆಯಲ್ಲಿ ಅನುಮತಿಯಿಲ್ಲದೆ ಫೋಟೋ ತೆಗೆದದ್ದಕ್ಕೆ ಪಂಡಿತರಿಗೆ ಎಚ್ಚರಿಕೆಯ ಪತ್ರ ಬಂತು. ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಪುಟ್ಟತಾಯಮ್ಮ ಕೆಲಸಕ್ಕೆ ಹಾಜರಾದರು.